ಥರ್ಸ್ಟನ್ ಪೆಲ್‌ನ ಹೆಸರು

ಇಂಗ್ಲೆಂಡಿನ ಸಫೋಕ್ ಸೀಮೆಯ ನಮ್ಮ ಊರಿನಲ್ಲಿ ನೇಕಾರ ಥರ್ಸ್ಟನ್ ಪೆಲ್‌ನಷ್ಟು ನಿಶ್ಚಿಂತೆಯಿಂದ ಸಾಯಲು ಸಿದ್ಧನಾಗಿದ್ದವನು ಇನ್ನೊಬ್ಬನಿರಲಿಲ್ಲ. ಚರ್ಚಿಗೆ ಒಂದು ಜೊತೆ ಹಿತ್ತಾಳೆ ದೀಪದ ಕಂಬ ಕೊಟ್ಟಿದ್ದ. ಅದಕ್ಕೆ ಪ್ರತಿಯಾಗಿ, ಅವನು ಸತ್ತ ಮೇಲೆ ಭಾನುವಾರ ಭಾನುವಾರ ಸತ್ತವರ ಪಟ್ಟಿಯಲ್ಲಿ ಅವನ ಹೆಸರನ್ನೂ ಗಟ್ಟಿಯಾಗಿ ಓದಬೇಕು, ಪ್ರಳಯದವರೆಗೆ. ಹೆಸರು ಓದಿಸಿಕೊಂಡ ಆತ್ಮಕ್ಕೆ ಸ್ವರ್ಗಕ್ಕೆ ಮುಂಚೆ ಪಾಪ ಸುಡುವ ನಡುಲೋಕದ ಬೆಂಕಿಯಿಂದ ಬೇಗ ಬಿಡುಗಡೆ ಎಂದು ನಾವೆಲ್ಲ ನಂಬಿದ್ದ ಕಾಲ ಅದು.

ಆಮೇಲೆ ಹೊಸ ದೊರೆಯ ಆಜ್ಞೆ ಬಂತು. ಚರ್ಚಿನ ಗೋಡೆಯ ಸಂತರ ಚಿತ್ರಗಳಿಗೆ ಸುಣ್ಣ ಬಳಿದರು. ಪ್ರಾರ್ಥನೆ ಲ್ಯಾಟಿನ್ ಬಿಟ್ಟು ಇಂಗ್ಲಿಷಿಗೆ ತಿರುಗಿತು. ಪಟ್ಟಿ ನಿಂತಿತು, ದೀಪದ ಕಂಬಗಳೂ ಹೋದವು.

ಪೆಲ್ ಮಗ್ಗ ಬಿಟ್ಟು ಪಾದ್ರಿಯ ಹತ್ತಿರ ಓಡಿದ.

“ಸ್ವಾಮಿ, ನಮ್ಮಪ್ಪ ಹನ್ನೊಂದು ವರ್ಷದಿಂದ ಆ ಬೆಂಕೀಲಿದ್ದಾನೆ. ಅವನ ಗತಿ?”

“ಆ ಬೆಂಕೀನೇ ಇಲ್ಲವಂತೆ ಪೆಲ್. ಇನ್ಮೇಲೆ ಒಂದೋ ಮೇಲೆ, ಇಲ್ಲಾ ಕೆಳಗೆ.”

“ಹಾಗಾದ್ರೆ ಅಪ್ಪ ಎಲ್ಲಿ?”

ಪಾದ್ರಿ ತುಸು ಯೋಚಿಸಿದ. “ಕುಡೀತಿದ್ದ, ಅಲ್ವಾ?”

ಅಂದಿನಿಂದ ಪೆಲ್ ಕೂತಲ್ಲಿ ಕೂರಲಿಲ್ಲ. ಚರ್ಚಿನಲ್ಲಿ ಸರಪಳಿ ಹಾಕಿಟ್ಟಿದ್ದ ಇಂಗ್ಲಿಷ್ ಬೈಬಲನ್ನು ಅಕ್ಷರ ಬಲ್ಲ ಪೀಪಾಯಿ ಮಾಡುವವನಿಂದ ವಾರಗಟ್ಟಲೆ ಓದಿಸಿದ. “ಇಷ್ಟು ದಪ್ಪ ಪುಸ್ತಕದಲ್ಲಿ ಒಬ್ಬ ಪೆಲ್ ಇಲ್ವೇನಯ್ಯಾ?”

ಹೆಂಡತಿ ಏವಿಸ್ ರೇಗಿದಳು: “ಬದುಕಿರುವಾಗಲೇ ನಿಮ್ಮ ಹೆಸರು ಕೂಗಿ ಗಂಟಲು ಹೋಗಿದೆ. ಸತ್ತ ಮೇಲೂ ಕೂಗಬೇಕಾ?”

ಒಂದು ಭಾನುವಾರ ಉಪದೇಶದ ನಡುವೆ ಪೆಲ್ ಎದ್ದು ನಿಂತ. ಬಾಯಿಪಾಠವಾಗಿದ್ದ ಪಟ್ಟಿಯನ್ನು ಅಪ್ಪನಿಂದಲೇ ಶುರುಮಾಡಿದ.

“ಕೂತ್ಕೊಳೋ, ದಂಡ ಬೀಳುತ್ತೆ!” ಎಂದರು ಮುಂದಿನ ಸಾಲಿನ ಹಿರಿಯರು.

ಪೆಲ್ ನಿಲ್ಲಿಸಲಿಲ್ಲ. ಆರನೆಯ ಹೆಸರಿಗೆ ಹಿಂದಿನಿಂದ ಬಿಯರ್ ಮಾರುವ ಮುದುಕಿ ಕೂಗಿದಳು: “ನಮ್ಮತ್ತೇನ ಬಿಟ್ಯಲ್ಲೋ!” ಅತ್ತೆ ಸೇರಿದಳು. ಆಮೇಲೆ ಎಲ್ಲ ಮೂಲೆಯಿಂದಲೂ ಸತ್ತವರು ಬಂದರು. ಪಾದ್ರಿ ಪುಸ್ತಕದಿಂದ ತಲೆ ಎತ್ತಲಿಲ್ಲ, ಹಾಳೆಯನ್ನೂ ತಿರುವಲಿಲ್ಲ.

ಪಟ್ಟಿ ಮುಗಿಯಿತು. ಪೆಲ್ ಮತ್ತೆ ಬಾಯಿ ತೆರೆದ. ತನ್ನ ಹೆಸರನ್ನು ತಾನೇ ಹೇಳಲಾಗದೆ ಏವಿಸ್‌ ಕಡೆ ತಿರುಗಿದ.

“ಥರ್ಸ್ಟನ್ ಪೆಲ್,” ಎಂದಳು ಏವಿಸ್.

“ನಾನಿನ್ನೂ ಸತ್ತಿಲ್ಲ ಕಣೇ!”

ಇಡೀ ಚರ್ಚು ನಕ್ಕಿತು. ಮನೆಯ ದಾರಿಯಲ್ಲಿ ಪೆಲ್ ಗೊಣಗಿದ: “ನನ್ನ ಹೆಸರು ಮಾತ್ರ ಯಾಕೆ ಅಷ್ಟು ಅವಸರದಲ್ಲಿ ಹೇಳಿದೆ?”

“ನೀವು ಸಾಯಿರಿ. ಆಗ ನಿಧಾನವಾಗಿ ಹೇಳ್ತೀನಿ.”

“ಪ್ರತಿ ಭಾನುವಾರ?”

“ಹೂಂ.”

ಹೊಳೆ ದಾಟುವುದರೊಳಗೆ ಅವನು ಅದನ್ನು ಇನ್ನೂ ಮೂರು ಸಲ ಕೇಳಿದ.