ನಮ್ಮ ತೋಟದ ಪೂರ್ವಕ್ಕೆ ಬಂದ ಕೆರೆ

ಕಂಪ್ಯೂಟರ್ ಏನೂ ತಪ್ಪು ಮಾಡಲಿಲ್ಲ. ನಮ್ಮ ಲಾಯರು ಅರ್ಜಿ ಓದಲಿಲ್ಲ, ನಾನು ಓದಿಸಿಕೊಳ್ಳಲಿಲ್ಲ. ನಡೆದದ್ದು ಇಷ್ಟೇ. ಮಿಕ್ಕಿದ್ದನ್ನು ಜನ ಉಪ್ಪುಖಾರ ಹಚ್ಚಿ ಹೇಳುತ್ತಾರೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಹೊನ್ನವಳ್ಳಿ ಕಡೆಯ ನಮ್ಮ ತೆಂಗಿನ ತೋಟಕ್ಕೆ ಇದ್ದದ್ದು ಒಂದೇ ಗಾಡಿದಾರಿ. ಪಕ್ಕದ ತೋಟದವನು, ದೂರದ ನೆಂಟನೇ, ಅದು ತನ್ನದೆಂದು ಅಡ್ಡಲಾಗಿ ಟ್ರೆಂಚ್ ತೆಗೆಸಲು ಶುರು ಮಾಡಿದ. ಗಾಡಿ ಬಾರದಿದ್ದರೆ ಕೆಡವಿದ ಕಾಯಿ ಮನೆಯ ಅಟ್ಟ ಸೇರುವುದಿಲ್ಲ; ಅಟ್ಟ ಸೇರದೆ ಕೊಬ್ಬರಿ ಆಗುವುದಿಲ್ಲ. ತಡೆಯಾಜ್ಞೆ ಬೇಕೆಂದು ತಿಪಟೂರಿನ ನಮ್ಮ ಲಾಯರ ಹತ್ತಿರ ಓಡಿದೆ. ನನ್ನ ಮಗನ ವಯಸ್ಸಿನವರು.

ಆಫೀಸಿಗೆ ಬೀಗ. ವಕೀಲರ ಸಂಘದ ಕೋಣೆಯಲ್ಲಿ ಎರಡು ದಿನ ಕಂಪ್ಯೂಟರ್ ಪಾಠವಂತೆ, ಬೆಂಗಳೂರಿನಿಂದ ಮೇಷ್ಟರು ಯಂತ್ರ ತೆಗೆದುಕೊಂಡು ಬಂದಿದ್ದಾರಂತೆ. ಅಲ್ಲಿಗೇ ಹೋದೆ. ಬಾಗಿಲ ಹೊರಗೆ ಚಪ್ಪಲಿ, ಬೂಟುಗಳ ರಾಶಿ. ಧೂಳಾದರೆ ಯಂತ್ರಕ್ಕೆ ಆಗುವುದಿಲ್ಲವಂತೆ. ಕರಿಕೋಟಿನವರೆಲ್ಲ ಬರಿಗಾಲಲ್ಲಿ ಬೆಂಚಿನ ಮೇಲೆ ಕೂತಿದ್ದರು. ಇದರಲ್ಲಿ ಬಂದ ಕಾಗದ ಕೋರ್ಟಿನಲ್ಲಿ ಸಾಕ್ಷಿಯಾಗುತ್ತದೆಯೇ ಎಂದು ಹಿರಿಯ ವಕೀಲರೊಬ್ಬರು ಕೇಳಿದರು. ಅದಕ್ಕೆಂದೇ ಕಾನೂನು ಇನ್ನೂ ಬಂದಿಲ್ಲ ಎಂದರು ಮೇಷ್ಟರು. ಹಾಗಾದರೆ ಇವರು ಕಲಿಯುತ್ತಿರುವುದಾದರೂ ಏನು ಎಂದುಕೊಂಡೆ.

ನಮ್ಮ ಲಾಯರು ನನ್ನನ್ನು ಕಂಡು ಕೈ ಬೀಸಿದರು. "ಬನ್ನಿ ಅಮ್ಮ, ಒಳ್ಳೆ ಟೈಮಿಗೆ ಬಂದ್ರಿ. ನಿಮ್ಮರ್ಜಿ ಇದ್ರಲ್ಲೇ ಮಾಡ್ಕೊಡ್ತೀನಿ."

ಮೇಷ್ಟರು ಹೇಳಿಕೊಟ್ಟ ಉಪಾಯವೆಂದರೆ, ಒಬ್ಬರಿಗೆ ಮಾಡಿದ ಅರ್ಜಿ ಯಂತ್ರದೊಳಗೇ ಇರುತ್ತದೆ. ಹೆಸರು, ಊರು, ಸರ್ವೆ ನಂಬರು ಬದಲಾಯಿಸಿದರೆ ಇನ್ನೊಬ್ಬರಿಗೂ ಆಯಿತು. ಲಾಯರು ಹಿಂದಿನ ದಿನ ತುರುವೇಕೆರೆ ಕಡೆಯ ಯಾರದೋ ಅರ್ಜಿಯ ಮೇಲೆ ಕೈ ಪಳಗಿಸಿಕೊಂಡಿದ್ದರು. ಅದನ್ನೇ ತೆಗೆದು ಎರಡು ಬೆರಳಲ್ಲಿ ಕುಟ್ಟಿದರು. ಪ್ರಿಂಟರ್ ಕಿರ್ರೆಂದು ಕಾಗದ ಹೊರಹಾಕಿತು. ಒಂದು ಕಡೆಯೂ ಅಳಿಸಿದ ಗುರುತಿಲ್ಲ.

"ಕೊನೇಲಿ ಒಂದ್ಸಲ ಓದ್ಕೊಳ್ಳಿ ಸಾರ್" ಎಂದರು ಮೇಷ್ಟರು.

ಅರ್ಜಿ ಇಂಗ್ಲಿಷಿನಲ್ಲಿತ್ತು, ನನ್ನ ಓದು ಮೂರನೇ ಕ್ಲಾಸು. "ಏನೈತೆ ಅಂತ ನಂಗೂ ಕನ್ನಡದಲ್ಲಿ ಹೇಳಪ್ಪ" ಎಂದೆ.

"ಟೈಮಿಲ್ಲಮ್ಮ, ಕೋರ್ಟು ಕೂರೋ ಹೊತ್ತಾಯ್ತು. ಇದು ತಪ್ಪೇ ಮಾಡಲ್ಲ. ಸಹಿ ಹಾಕಿ."

ಹಾಕಿದೆ. ಕಾಗದದ ಅಂದಕ್ಕೆ ನಾನೂ ಮರುಳಾಗಿದ್ದೆ, ಸುಳ್ಳೇಕೆ.

ವಾರದ ಮೇಲೆ, ತಡೆಯಾಜ್ಞೆ ಕೊಡುವ ಮೊದಲು ಸ್ಥಳ ನೋಡಿ ವರದಿ ಕೊಡಲು ಕೋರ್ಟಿನ ಕಮಿಷನರು ಬಂದರು. ನಮ್ಮ ಲಾಯರು ಬೇರೆ ಕೇಸಿದೆಯೆಂದು ಬರಲಿಲ್ಲ. ಕಮಿಷನರು ಚಕ್ಕುಬಂದಿಯನ್ನು, ಅಂದರೆ ಜಮೀನಿನ ನಾಲ್ಕು ದಿಕ್ಕಿಗೆ ಏನೇನಿದೆ ಎಂಬುದನ್ನು, ಕನ್ನಡ ಮಾಡಿ ಓದಿದರು. "ಪೂರ್ವಕ್ಕೆ ಕೆರೆ ಏರಿ." ಎಲ್ಲರೂ ಪೂರ್ವಕ್ಕೆ ತಿರುಗಿದೆವು. ಅಲ್ಲಿದ್ದದ್ದು ಒಣಹಳ್ಳ. "ಉತ್ತರಕ್ಕೆ ಈಶ್ವರನ ಗುಡಿ." ಉತ್ತರಕ್ಕಿದ್ದದ್ದು ಅದೇ ಗಾಡಿದಾರಿ, ಅದರ ಮಧ್ಯೆ ಮಣ್ಣಿನ ಗುಡ್ಡೆಯ ಮೇಲೆ ನಿಂತಿದ್ದ ಪಕ್ಕದ ತೋಟದವನು.

"ಕೆರೆ ಎಲ್ಲಿ ದೊಡ್ಡಮ್ಮ? ಕಾಯಿ ಜತೆ ಅಟ್ಟುಕ್ಕೆ ಹಾಕ್ಬುಟ್ಯಾ?" ಎಂದ. ಆಳುಗಳು ಗುದ್ದಲಿ ಊರಿಕೊಂಡು ನಕ್ಕರು.

"ಬಾಯ್ಮುಚ್ಕಳ್ಲಾ" ಎಂದೆ. ಚಕ್ಕುಬಂದಿ ತಾಳೆಯಾಗುತ್ತಿಲ್ಲ ಎಂದು ಬರೆದುಕೊಂಡು ಕಮಿಷನರು ಬಸ್ಸು ಹತ್ತಿದರು. ಅದೇ ಬಸ್ಸಿಗೆ ನಾನೂ ಹತ್ತಿದೆ. ಹಿಂದೆ ಗುದ್ದಲಿ ಬೀಳುವ ಸದ್ದು ಮತ್ತೆ ಶುರುವಾಗಿತ್ತು.

ತಿಪಟೂರಿನ ಆಫೀಸಿನಲ್ಲಿ ಲಾಯರು ಈಗ ಅರ್ಜಿ ಓದಿದರು. ಹಣೆ ಒರೆಸಿಕೊಂಡರು. "ಹಳೇ ಅರ್ಜೀದು ಹಾಗೇ ಉಳ್ಕೊಂಡ್ಬಿಟ್ಟಿದೆ. ಕಂಪ್ಯೂಟರ್ ಮಿಸ್ಟೇಕಮ್ಮ."

"ಆ ಮೆಷಿನ್ನು ನನ್ ತೋಟ ನೋಡೈತಾ?"

"ಅದೆಲ್ಲಿ ನೋಡುತ್ತೆ?"

"ನೀನ್ ನೋಡಿದ್ಯಾ?"

ಅವರು ಅರ್ಜಿಯನ್ನು ಮಡಿಸಿ ಫೈಲಿಗೆ ಸೇರಿಸಿದರು. ಪಾಠ ಮುಗಿಸಿದ್ದಕ್ಕೆ ಕೊಟ್ಟ ಸರ್ಟಿಫಿಕೇಟಿಗೆ ಆಗಲೇ ಕಟ್ಟು ಹಾಕಿಸಿ ಗೋಡೆಗೆ ತಗುಲಿಸಿದ್ದರು. ನಾನು ಅದನ್ನು ನೋಡುತ್ತಿರುವುದು ಕಂಡು, ತಿದ್ದುಪಡಿ ಹಾಕೋಣ, ಮುಂದಿನ ವಾರ ಕಂಪ್ಯೂಟರ್ ಮತ್ತೆ ಬರುತ್ತದೆ ಎಂದರು.

"ಮುಂದಿನ್ ವಾರುಕ್ಕೆ ಅಲ್ಲಿ ದಾರೀನೇ ಇರಕಿಲ್ಲ ಕಣಪ್ಪ" ಎಂದು ಎದ್ದು ಬಂದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ತಿಪಟೂರಿಗೆ ಹೋದೆ. ಹಲ್ಲುಜ್ಜುತ್ತಾ ನಿಂತಿದ್ದ ಲಾಯರನ್ನು ಹೊರಡಿಸಿಕೊಂಡು ಬಂದು, ಟ್ರೆಂಚಿಗೆ ಇಳಿಸಿ ಹತ್ತಿಸಿ, ತೋಟದ ನಾಲ್ಕೂ ಬದುಗಳ ಮೇಲೆ ನಡೆಸಿದೆ. ಯಾವ ದಿಕ್ಕಿಗೆ ಏನಿದೆಯೆಂದು ನಾನು ಹೇಳಿದೆ, ತಿದ್ದುಪಡಿಗೆಂದು ಅವರು ಪೆನ್ಸಿಲಿನಲ್ಲಿ ಬರೆದುಕೊಂಡರು. ನಾಲ್ಕನೆಯ ಬದು ಮುಗಿಯುವವರೆಗೆ ಒಂದು ಎಳನೀರನ್ನೂ ಕೆತ್ತಿ ಕೊಡಲಿಲ್ಲ.