ಕುಣಿಗಲ್ ಒಪ್ಪದ ಸರ್ಟಿಫಿಕೇಟ್

2023ರಲ್ಲಿ ನಾನು ತುಮಕೂರಿನ ಒಂದು ಖಾಸಗಿ ರಕ್ತಪರೀಕ್ಷಾ ಲ್ಯಾಬ್‌ನಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ವಿಭಾಗದಲ್ಲಿ ಇದ್ದವಳು ನಾನೊಬ್ಬಳೇ. ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೂ ಕರೆ ನನಗೆ, ಸರ್ವರ್ ನಿಂತರೂ ನನಗೆ. ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಪದವಿ ಅಂತ ಮೊದಲು ಪಡೆದವಳು ನಾನು. ಅಪ್ಪನದು ಗಾರೆ ಕೆಲಸ, ಅಮ್ಮ ಊದುಬತ್ತಿ ಹೊಸೆಯುತ್ತಿದ್ದಳು. ಬಿಸಿಎ ಓದುವಾಗ ಬೆಳಗ್ಗೆ ಕಾಲೇಜು, ಮಧ್ಯಾಹ್ನದಿಂದ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತದ್ದೂ ಆ ಅಂಗಡಿಯ ಕಂಪ್ಯೂಟರಿನಲ್ಲೇ, ಗಿರಾಕಿ ಇಲ್ಲದ ಹೊತ್ತಿನಲ್ಲಿ. ಇದನ್ನು ಯಾರೂ ಅಯ್ಯೋ ಅನ್ನಲಿ ಎಂದು ಹೇಳುತ್ತಿಲ್ಲ. ನಾನು ಬರೆದ ಪ್ರೋಗ್ರಾಂ ಮೇಲೆ ನನಗೆಷ್ಟು ಅಭಿಮಾನವಿತ್ತು ಎಂದು ಗೊತ್ತಾದರೆ ಮುಂದಿನದು ಅರ್ಥವಾಗುತ್ತದೆ.

ಲ್ಯಾಬ್‌ಗೆ ಗುಬ್ಬಿಯಲ್ಲೊಂದು, ಕುಣಿಗಲ್‌ನಲ್ಲೊಂದು ಕಲೆಕ್ಷನ್ ಸೆಂಟರ್ ಇದ್ದವು. ಅಲ್ಲಿ ರಕ್ತ ತೆಗೆದು, ಟ್ಯೂಬ್‌ಗೆ ನಂಬರ್ ಅಂಟಿಸಿ, ರೋಗಿಯ ಹೆಸರು, ವಯಸ್ಸು, ಬೇಕಾದ ಪರೀಕ್ಷೆಗಳನ್ನು ಕಂಪ್ಯೂಟರಿಗೆ ಹಾಕುತ್ತಾರೆ. ಆ ಪಟ್ಟಿ ಇಂಟರ್ನೆಟ್ ಮೂಲಕ ತುಮಕೂರಿನ ನಮ್ಮ ಸರ್ವರಿಗೆ ಬರುತ್ತದೆ, ಟ್ಯೂಬ್‌ಗಳು ವ್ಯಾನಿನಲ್ಲಿ ಬರುತ್ತವೆ. ರಿಪೋರ್ಟ್ ಮತ್ತೆ ಅದೇ ದಾರಿಯಲ್ಲಿ ವಾಪಸ್ ಹೋಗುತ್ತದೆ. ನಾನು ಸೇರಿದಾಗ ಇದೆಲ್ಲ ಬಯಲಲ್ಲೇ ಓಡಾಡುತ್ತಿತ್ತು, ಅಂದರೆ ಎನ್‌ಕ್ರಿಪ್ಷನ್ ಎಂಬ ಗೂಢಲಿಪಿಯೇ ಇಲ್ಲದೆ. ಕುಣಿಗಲ್ ಸೆಂಟರ್ ಇದ್ದದ್ದು ಒಂದು ಕಾಂಪ್ಲೆಕ್ಸ್‌ನ ಮೊದಲ ಮಹಡಿಯಲ್ಲಿ. ಕೆಳಗಿನ ಬೇಕರಿ, ಮೊಬೈಲ್ ಅಂಗಡಿ, ಟೈಲರ್, ಎಲ್ಲರಿಗೂ ಸೇರಿ ಒಂದೇ ವೈಫೈ. ಅದರ ಪಾಸ್‌ವರ್ಡ್ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದಿತ್ತು.

ಒಮ್ಮೆ ನಾನು ಆ ಸೆಂಟರಿಗೆ ಹೋಗಿದ್ದಾಗ, ಮದುವೆಯಾಗದ ಒಬ್ಬ ಹುಡುಗಿ ಕೌಂಟರಿನಲ್ಲಿ ಸಣ್ಣ ದನಿಯಲ್ಲಿ ಕೇಳಿದ್ದಳು: "ಮೇಡಂ, ಇದು ಬೇರೆಯವ್ರಿಗೆ ಗೊತ್ತಾಗಲ್ಲ ತಾನೆ?" ಕೌಂಟರಿನಲ್ಲಿದ್ದವರು "ಇಲ್ಲ ಕಣಮ್ಮ" ಅಂದರು. ಅದು ಸುಳ್ಳು ಅಂತ ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಬಸ್ಸಿನಲ್ಲಿ ವಾಪಸ್ ಬರುವಾಗಲೇ ನಿರ್ಧಾರ ಮಾಡಿದೆ.

ಟಿಎಲ್‌ಎಸ್ ಎಂಬ ವ್ಯವಸ್ಥೆ ಎರಡು ಕೆಲಸ ಮಾಡುತ್ತದೆ. ಒಂದು, ಲಕೋಟೆಗೆ ಅಂಟು ಹಾಕುವುದು, ಒಳಗಿನದು ದಾರಿಯಲ್ಲಿ ಯಾರಿಗೂ ಕಾಣದಂತೆ. ಇನ್ನೊಂದು, ಲಕೋಟೆ ತೆಗೆದುಕೊಳ್ಳುವವರ ಗುರುತಿನ ಚೀಟಿ ನೋಡುವುದು. ಆ ಗುರುತಿನ ಚೀಟಿಗೇ ಸರ್ಟಿಫಿಕೇಟ್ ಎನ್ನುತ್ತೇವೆ. ಅದರಲ್ಲಿ ಹೆಸರಿರುತ್ತದೆ, ಯಾವತ್ತಿನಿಂದ ಯಾವತ್ತಿನವರೆಗೆ ಚಾಲ್ತಿ ಎಂಬುದೂ ಇರುತ್ತದೆ. ಎರಡನೆಯ ಕೆಲಸ ಬಿಟ್ಟುಬಿಟ್ಟರೆ ಮೊದಲನೆಯದಕ್ಕೆ ಅರ್ಥವಿಲ್ಲ, ಚೆನ್ನಾಗಿ ಅಂಟು ಹಾಕಿದ ಲಕೋಟೆಯನ್ನು ಕಳ್ಳನ ಕೈಗೇ ಕೊಟ್ಟ ಹಾಗೆ. ಪೈಥಾನ್‌ನಲ್ಲಿ ಇದಕ್ಕೆ ಎಸ್‌ಎಸ್‌ಎಲ್ ಎಂಬ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಂ ಭಾಗ, ಇದೆ. ನಾಲ್ಕೈದು ಸಾಲಿನಲ್ಲಿ ಭದ್ರವಾದ ಸಂಪರ್ಕ ಕಟ್ಟಬಹುದು, ಚೀಟಿ ನೋಡುವುದನ್ನೂ ಅದು ತಾನೇ ಮಾಡುತ್ತದೆ. ಆ ನಾಲ್ಕೈದು ಸಾಲನ್ನು ನಮ್ಮ ಹಳೆಯ ಪ್ರೋಗ್ರಾಂಗೆ ಹೊಂದಿಸಲು ನನಗೆ ಎರಡು ತಿಂಗಳು ಹಿಡಿಯಿತು. ಸರ್ವರಿನ ಸರ್ಟಿಫಿಕೇಟನ್ನು ನಾನೇ ತಯಾರಿಸಿ, ಮೂರು ತಿಂಗಳಿಗೊಮ್ಮೆ ಹೊಸದು ಮಾಡುವುದು ಎಂದು ಇಟ್ಟುಕೊಂಡೆ. ಮೊದಲನೆಯದನ್ನು ಪ್ರೋಗ್ರಾಂ ಚಾಲೂ ಮಾಡುವ ಒಂದು ವಾರ ಮೊದಲೇ ಮಾಡಿಟ್ಟಿದ್ದೆ. ಮೊದಲ ಮೂರು ತಿಂಗಳು ಒಂದು ಕರೆಯೂ ಬರಲಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ ಮೊದಲ ಸಲ ಸರ್ಟಿಫಿಕೇಟ್ ಬದಲಾಯಿಸಿದೆ. ಬುಧವಾರ ಬೆಳಗ್ಗೆ ಕುಣಿಗಲ್‌ನಿಂದ ಫೋನು. "ಮಂಜುಳಾ, ನಿನ್ ಪ್ರೋಗ್ರಾಂ ಸಂಪರ್ಕ ಸಾಧ್ಯವಿಲ್ಲ, ಸಂಪರ್ಕ ಸಾಧ್ಯವಿಲ್ಲ ಅಂತ ಒಂದೇ ಸಮ ಬಡ್ಕೋತಾ ಅದೆ." ಅವರು ಶಾರದಕ್ಕ, ಕುಣಿಗಲ್ ಸೆಂಟರಿನ ಹಿರಿಯ ಟೆಕ್ನಿಷಿಯನ್. ನಾನು ಲ್ಯಾಬ್ ತಲುಪಿ ನೋಡುವ ಹೊತ್ತಿಗೆ ಎಲ್ಲ ತಾನಾಗಿ ಸರಿಹೋಗಿತ್ತು. ಗುಬ್ಬಿಯಲ್ಲಿ ತೊಂದರೆಯೇ ಇರಲಿಲ್ಲ. ಹೊಸ ಸರ್ಟಿಫಿಕೇಟ್ ಮಾಡುವಾಗ ಏನೋ ತಪ್ಪಿರಬೇಕು ಎಂದು ಮಧ್ಯಾಹ್ನ ಇನ್ನೊಂದನ್ನು ಮಾಡಿ ಹಾಕಿದೆ. ಗುರುವಾರ ಬೆಳಗ್ಗೆ ಏಳಕ್ಕೆ ಮತ್ತೆ ಅದೇ ಫೋನು, ಎಂಟರ ನಂತರ ಮತ್ತೆ ಎಲ್ಲ ಸರಿ.

ಸಂಪರ್ಕ ಇಲ್ಲದ ಆ ಒಂದು ಗಂಟೆಯ ಹೆಸರುಗಳನ್ನು ಶಾರದಕ್ಕ ಫೋನಿನಲ್ಲಿ ಓದಿ ಹೇಳುತ್ತಿದ್ದರು, ಇಲ್ಲಿ ಒಬ್ಬರು ಬರೆದುಕೊಳ್ಳುತ್ತಿದ್ದರು. ಗುರುವಾರ ಒಂದೇ ಹೆಸರಿನ ಇಬ್ಬರು ಹೆಂಗಸರ ಟ್ಯೂಬ್‌ಗಳು ಅದಲುಬದಲಾಗುವುದು ಸ್ವಲ್ಪದರಲ್ಲಿ ತಪ್ಪಿತು. ಲ್ಯಾಬ್‌ನ ಮಾಲೀಕರೂ ಆದ ನಮ್ಮ ಡಾಕ್ಟರ್ ನನ್ನನ್ನು ಒಳಗೆ ಕರೆದರು. ಅವರು ರೇಗುವ ಜನವಲ್ಲ. ಅವತ್ತು ರೇಗಿದ್ದರು, ಅದರಲ್ಲಿ ನ್ಯಾಯವೂ ಇತ್ತು. ಪರೀಕ್ಷಾ ಯಂತ್ರದ ಕಂಪನಿಯ ಇಂಜಿನಿಯರ್ ಒಬ್ಬರು ಅಲ್ಲೇ ಕೂತಿದ್ದರು.

"ಒಂದೇ ಲೈನ್ ಮೇಡಂ" ಎಂದರು ಅವರು. "ಸರ್ಟಿಫಿಕೇಟ್ ಚೆಕ್ ಆಫ್ ಮಾಡ್ಬಿಡಿ. ಎನ್‌ಕ್ರಿಪ್ಷನ್ ಹೆಂಗೂ ಇರುತ್ತೆ. ಎಲ್ರೂ ಮಾಡೋದು ಅಷ್ಟೇ."

"ಎಲ್ರೂ ಮಾಡ್ತಾರೆ ಅಂತ ನಾನೂ ಕೇಳಿದೀನಿ ಸಾರ್" ಎಂದೆ. "ಆಮೇಲೆ ಆ ವೈಫೈನಲ್ಲಿ ಯಾರು ಬೇಕಾದ್ರೂ ನಾನೇ ಸರ್ವರ್ ಅಂತ ನಿಂತ್ಕೋಬಹುದು. ಇವ್ರು ಎಲ್ಲಾನೂ ಅವನ ಕೈಗೇ ಕೊಡ್ತಾರೆ."

"ಕುಣಿಗಲ್ ಬೇಕರಿಯವ್ರು ಹ್ಯಾಕ್ ಮಾಡ್ತಾರಾ ಮೇಡಂ? ಬನ್ ಸುಡೋದು ಬಿಟ್ಟು?" ಇಂಜಿನಿಯರ್ ನಕ್ಕರು.

ಡಾಕ್ಟರ್ ನಗಲಿಲ್ಲ. "ನೋಡಮ್ಮ, ನಿನ್ನ ಮಾತು ಸರಿ ಇರಬಹುದು. ಆದ್ರೆ ಟ್ಯೂಬ್ ಅದಲುಬದಲಾದ್ರೆ ಯಾರ್ದೋ ಜೀವ. ನಾಳೆ ಮಧ್ಯಾಹ್ನದೊಳಗೆ ಕಾರಣ ಹೇಳು. ಇಲ್ಲಾಂದ್ರೆ ಆ ಚೆಕ್ ತೆಗಿ."

ಅವತ್ತು ಮಧ್ಯಾಹ್ನವೂ ಮತ್ತೆ ಹೊಸ ಸರ್ಟಿಫಿಕೇಟ್ ಮಾಡಿ ಹಾಕಿದೆ, ಕೈ ಸುಮ್ಮನಿರಲಿಲ್ಲ. ಜೊತೆಗೆ ಮೊದಲೇ ಮಾಡಬೇಕಿದ್ದ ಒಂದು ಕೆಲಸ ಮಾಡಿದೆ. ಸಂಪರ್ಕ ಸಿಗದಿದ್ದರೆ 'ಸಾಧ್ಯವಿಲ್ಲ' ಎಂದಷ್ಟೇ ತೋರಿಸಿ ಸುಮ್ಮನಾಗುವಂತೆ ಪ್ರೋಗ್ರಾಂ ಬರೆದಿದ್ದೆ. ಯಾಕೆ ಸಾಧ್ಯವಿಲ್ಲ ಎಂದು ಲೈಬ್ರರಿ ಹೇಳುತ್ತಲೇ ಇತ್ತು, ನಾನೇ ಅದರ ಬಾಯಿ ಮುಚ್ಚಿಸಿದ್ದೆ. ಆ ಮಾತು ಪರದೆಯ ಮೇಲೆ ಬರುವಂತೆ ಮಾಡಿ, ಶುಕ್ರವಾರ ಬೆಳಗಿನ ಮೊದಲ ಬಸ್ಸಿಗೆ ಕುಣಿಗಲ್‌ಗೆ ಹೊರಟೆ.

ಶಾರದಕ್ಕ ಆಗ ತಾನೇ ಬಾಗಿಲು ತೆಗೆದು, ಕಸ ಗುಡಿಸಿ, ಕಂಪ್ಯೂಟರಿಗೂ ಒಂದು ಊದುಬತ್ತಿ ತೋರಿಸುತ್ತಿದ್ದರು. "ಬಾರೇ, ಇಂಜಿನಿಯರಮ್ಮ. ನಿನ್ ಬೀಗ ಮೂರ್ ದಿನದಿಂದ ನನ್ನ ಕಾಯಿಸ್ತಾ ಅದೆ ಕಣೇ. ಅದಕ್ಕೆ ನಾನೇನು ಮಾಡ್ದೆ ಹೇಳು."

"ನೀವು ದಿನಾ ಮಾಡೋ ಹಂಗೇ ಮಾಡಿ ಶಾರದಕ್ಕ. ನಾನು ಸುಮ್ನೆ ನೋಡ್ತಾ ಕೂತಿರ್ತೀನಿ."

ಅವರು ಫ್ರಿಜ್ಜಿನಿಂದ ಒಂದು ಡಬ್ಬಿ ಟ್ಯೂಬ್ ತೆಗೆದರು. ಹುಲಿಯೂರುದುರ್ಗದಲ್ಲಿ ನಮ್ಮ ಒಬ್ಬ ಹುಡುಗಿ ಸಂಜೆ ಮನೆ ಮನೆಗೆ ಹೋಗಿ ತೆಗೆದ ರಕ್ತ ಅದು. ಕೊನೆಯ ಬಸ್ಸಿನಲ್ಲಿ ಕುಣಿಗಲ್‌ಗೆ ಬಂದು, ಬೆಳಗ್ಗೆ ಕಂಪ್ಯೂಟರಿಗೆ ಏರುತ್ತದೆ. ಆಮೇಲೆ ಶಾರದಕ್ಕ ಕುರ್ಚಿ ಎಳೆದುಕೊಂಡು ಕೂತು, ಪರದೆಯ ಮೂಲೆಯ ಗಡಿಯಾರದ ಮೇಲೆ ಕ್ಲಿಕ್ ಮಾಡಿ, ಕಂಪ್ಯೂಟರಿನ ತಾರೀಕನ್ನು ಒಂದು ದಿನ ಹಿಂದಕ್ಕೆ ಇಟ್ಟರು. ಕೈ ನೋಡಿದರೆ ವರ್ಷಗಳ ಅಭ್ಯಾಸ. ಮೊದಲ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರು. ಪರದೆಯ ಮೇಲೆ ಹೊಸ ಸಾಲು ಬಂತು: ಸರ್ಟಿಫಿಕೇಟ್ ಇನ್ನೂ ಚಾಲ್ತಿಗೆ ಬಂದಿಲ್ಲ.

ನಾನು ಎದ್ದು ನಿಂತೆ. "ಶಾರದಕ್ಕ, ತಾರೀಕು ಯಾಕೆ ಹಿಂದಕ್ಕಿಟ್ರಿ?"

"ಇನ್ನೇನೇ ಮಾಡ್ಲಿ? ನಿನ್ನೆ ತಾರೀಕಿದ್ರೆ ಸಂಜೇದು ಅಂತ ಆ ಊರಿನ ಡಾಕ್ಟ್ರಿಗೆ ಗೊತ್ತಾಯ್ತದೆ, ನಿನ್ನೆ ತೆಗ್ದ ರಕ್ತಕ್ಕೆ ಇವತ್ತಿನ ತಾರೀಕು ಬಿದ್ರೆ ಅವ್ರು ಏನಂತ ಓದ್ತಾರೆ? ಸಂಜೆ ಊಟ ಆದ್ಮೇಲಿನ ಶುಗರ್ನ ಬೆಳಗ್ಗೆ ಬರೀ ಹೊಟ್ಟೇದು ಅಂದ್ಕೊಂಡು ಮಾತ್ರೆ ಜಾಸ್ತಿ ಮಾಡ್ಬುಟ್ರೆ? ನಿನ್ ಪ್ರೋಗ್ರಾಂನಲ್ಲಿ ರಕ್ತ ತೆಗ್ದ ದಿನ ಹಾಕಕ್ಕೆ ಜಾಗ ಎಲ್ಲಿಟ್ಟಿದೀಯ ತೋರ್ಸು ನೋಡನ."

ಜಾಗ ಇರಲಿಲ್ಲ. ಕಂಪ್ಯೂಟರಿನ ತಾರೀಕೇ ರಿಪೋರ್ಟಿನ ತಾರೀಕು ಎಂದು ಹಳೆಯ ಪ್ರೋಗ್ರಾಂನಲ್ಲಿತ್ತು, ವೇಳೆಯಂತೂ ಅಚ್ಚಾಗುತ್ತಲೇ ಇರಲಿಲ್ಲ. ನಾನು ಅದನ್ನು ಪ್ರಶ್ನೆ ಮಾಡದೆ ಹಾಗೇ ಬಿಟ್ಟಿದ್ದೆ. ಹುಲಿಯೂರುದುರ್ಗದ್ದು ಮುಗಿದ ಮೇಲೆ, ಎಂಟರ ಸುಮಾರಿಗೆ, ಅವರು ತಾರೀಕನ್ನು ಮತ್ತೆ ಇವತ್ತಿಗೆ ತರುತ್ತಿದ್ದರು. ಗುಬ್ಬಿಗೆ ಹೀಗೆ ಹಿಂದಿನ ದಿನದ ರಕ್ತ ಬರುತ್ತಿರಲಿಲ್ಲ. ಲೆಕ್ಕ ಅಲ್ಲೇ ಕೂಡಿಕೊಂಡಿತು. ಬುಧವಾರ ಬೆಳಗ್ಗೆ ಅವರ ಕಂಪ್ಯೂಟರಿನಲ್ಲಿ ಇದ್ದದ್ದು 'ಮಂಗಳವಾರ ಬೆಳಗ್ಗೆ'. ನಾನು ಮಂಗಳವಾರ ಮಧ್ಯಾಹ್ನ ಮಾಡಿದ ಚೀಟಿಗೆ ಅಲ್ಲಿ ಬೆಲೆಯಿಲ್ಲ, ಅದಿನ್ನೂ ಹುಟ್ಟೇ ಇಲ್ಲ. ನಾನು ಕೈಕಟ್ಟಿ ಕೂತಿದ್ದರೆ, ಅವರ ಕಂಪ್ಯೂಟರ್ 'ಬುಧವಾರ'ಕ್ಕೆ ಬಂದ ಗುರುವಾರವೇ ಎಲ್ಲ ಸರಿಹೋಗುತ್ತಿತ್ತು. ಸರಿಮಾಡುತ್ತೇನೆಂದು ದಿನಾ ಹೊಸ ಚೀಟಿ ಮಾಡಿ, ದಿನಾ ಬೆಳಗ್ಗೆ ಹೊಸದಾಗಿ ಕೆಡಿಸಿದವಳು ನಾನೇ.

ಶಾರದಕ್ಕನಿಗೆ ಇದನ್ನು ಬಿಡಿಸಿ ಹೇಳಿದೆ. ಅವರು ಕೇಳಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, "ಅಂದ್ರೆ ನಾನೂ ಸರಿ, ನಿನ್ ಬೀಗಾನೂ ಸರಿ. ತಪ್ಪು ನಿಂದೊಬ್ಬಳ್ದೇ ಅನ್ನು" ಅಂದರು. ಆಮೇಲೆ ಕೆಳಗಿನಿಂದ ಟೀ ತರಿಸಿದರು.

ಅಲ್ಲೇ ಅವರ ಪಕ್ಕದ ಸ್ಟೂಲಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ನೋಂದಣಿಯ ಪುಟದಲ್ಲಿ ರಕ್ತ ತೆಗೆದ ದಿನ ಮತ್ತು ವೇಳೆಗೆ ಎರಡು ಜಾಗ ಸೇರಿಸಿ, ರಿಪೋರ್ಟಿನಲ್ಲೂ ಅವೇ ಬರುವಂತೆ ಬದಲಿಸಿದೆ. ಊಟಕ್ಕೆ ಮುಂಚೆಯೋ ನಂತರವೋ ಎಂಬ ಇನ್ನೊಂದು ಜಾಗವನ್ನು ಶಾರದಕ್ಕ ಕೇಳಿ ಹಾಕಿಸಿಕೊಂಡರು. ತಾರೀಕನ್ನು ಅವರೇ ಇವತ್ತಿಗೆ ತಂದು ಎಂಟರ್ ಒತ್ತಿದರು. ಹುಲಿಯೂರುದುರ್ಗದ ಹನ್ನೊಂದು ಹೆಸರುಗಳೂ ಒಂದಾದ ಮೇಲೊಂದು ತುಮಕೂರು ಸೇರಿದವು, ಹಿಂದಿನ ಸಂಜೆಯ ವೇಳೆಯನ್ನೇ ಹೊತ್ತುಕೊಂಡು.

ಮಧ್ಯಾಹ್ನಕ್ಕೆ ಮುಂಚೆ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ಅವರು, "ಇಷ್ಟು ವರ್ಷ ಹುಲಿಯೂರುದುರ್ಗದ ರಿಪೋರ್ಟ್‌ಗೆ ಸರಿಯಾದ ತಾರೀಕು ಬೀಳ್ತಿದ್ದದ್ದು ಶಾರದಮ್ಮ ದಿನಾ ಗಡಿಯಾರ ತಿರುಗಿಸ್ತಿದ್ರು ಅಂತಾನಾ?" ಎಂದು ಕೇಳಿದರು. ಹೌದು ಸಾರ್ ಎಂದೆ. "ನನಗೇ ಗೊತ್ತಿರಲಿಲ್ಲ ನೋಡು. ಚೆಕ್ ತೆಗೀಬೇಡ. ಆ ಇಂಜಿನಿಯರ್‌ಗೆ ನಾನು ಹೇಳ್ತೀನಿ."

ಈಗ ನಾನು ಬೇರೆ ಕಡೆ ಕೆಲಸದಲ್ಲಿದ್ದೇನೆ, ನನ್ನ ಕೈಕೆಳಗೆ ಮೂವರಿದ್ದಾರೆ. ಸಂಪರ್ಕ ಕಟ್ಟುವ ಆ ನಾಲ್ಕೈದು ಸಾಲನ್ನು ಅವರಿಗೆ ಒಂದು ಗಂಟೆಯಲ್ಲಿ ಕಲಿಸಬಹುದು, ಕಲಿಸಿದ್ದೇನೆ. ಅದಕ್ಕೂ ಮೊದಲು ಒಂದು ಬೆಳಗ್ಗೆ ಪ್ರೋಗ್ರಾಂ ಬಳಸುವವರ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತು ಬನ್ನಿ ಎಂದು ಕಳಿಸುತ್ತೇನೆ. ಯಂತ್ರ ಒಲ್ಲೆ ಅಂದಾಗ ಅದು ಹೇಳುವ ಕಾರಣವನ್ನು ಓದುವುದು, ಮನುಷ್ಯರು ಅಡ್ಡದಾರಿ ಹಿಡಿದಾಗ ಅವರ ಕಾರಣವನ್ನು ಕೇಳುವುದು, ಈ ಕೆಲಸ ನನಗೆ ಕಲಿಸಿದ್ದು ಇವೆರಡನ್ನೇ. ಲ್ಯಾಬ್ ಬಿಡುವ ದಿನ ಪ್ರೋಗ್ರಾಂ ಒಪ್ಪಿಸಿಕೊಂಡ ಹೊಸಬ ಅದನ್ನು ಮೇಲಿನಿಂದ ಕೆಳಗೆ ಓದಿ, "ಮೇಡಂ, ಚೆಕ್ ಎಲ್ಲೂ ಆಫ್ ಮಾಡಿಲ್ವಲ್ಲ, ಇಷ್ಟು ದಿನ ಹೆಂಗೆ ನಡೆಸಿದ್ರಿ?" ಎಂದು ಕೇಳಿದ. ನನಗೆ ಸಿಕ್ಕ ಸರ್ಟಿಫಿಕೇಟ್‌ಗಳಲ್ಲಿ ಪದವಿಯದನ್ನು ಅಮ್ಮ ಕಟ್ಟು ಹಾಕಿಸಿ ಗೋಡೆಗೆ ಹಾಕಿದ್ದಾಳೆ. ಅವನ ಆ ಪ್ರಶ್ನೆಯನ್ನು ನಾನು ಅದರ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ.