ಗಲೀನಾ ಆಂಟಿಯ ಮನೆಯಜ್ಜ

ಗಲೀನಾ ಆಂಟಿ ಹೊಸ್ತಿಲಿನ ಮೇಲೆ ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಕುವೈತಿನ ಅಬು ಹಲೀಫಾದ ಆ ಕಟ್ಟಡಕ್ಕೆ ನಾವು ಬಂದ ಹೊಸತು. ಎದುರು ಫ್ಲ್ಯಾಟಿನವರಲ್ಲವೇ ಎಂದು ನೀರುದೋಸೆಯ ತಟ್ಟೆ ಹಿಡಿದುಕೊಂಡು ಹೋಗಿ ಬೆಲ್ ಒತ್ತಿದೆ. ಬಾಗಿಲು ತೆರೆದ ಆಜಾನುಬಾಹು ಹೆಂಗಸು ತಟ್ಟೆ ಕಂಡದ್ದೇ "ಲಾ, ಲಾ! ಬೇಡ, ಬೇಡ!" ಎಂದು ಕೂಗಿ, ನನ್ನ ರಟ್ಟೆ ಹಿಡಿದು ಒಳಕ್ಕೆಳೆದರು. ದೋಸೆ ಜಾರದಂತೆ ತಟ್ಟೆಯನ್ನು ಎದೆಗವಚಿಕೊಂಡೆ. ಒಳಗೆ ನಿಲ್ಲಿಸಿಕೊಂಡು ನಕ್ಕರು. "ಹೊಸ್ತಿಲ ಮೇಲೆ ಕೊಟ್ಟರೆ ಜಗಳ ಬರುತ್ತದೆ ಹಬೀಬ್ತಿ. ಈಗ ಕೊಡು."

ಅವರ ಮಾತು ಅರ್ಧ ಇಂಗ್ಲಿಷ್, ಕಾಲು ಅರಬಿ, ಉಳಿದದ್ದು ಕೈಸನ್ನೆ; ನನ್ನನ್ನು ಕರೆಯುತ್ತಿದ್ದದ್ದೇ ಹಬೀಬ್ತಿ, ಮುದ್ದಿನವಳೇ, ಎಂದು. ಊರು ಉಕ್ರೇನಿನ ಪೂರ್ವದ ಒಂದು ಹಳ್ಳಿ. ಆ ದೇಶಕ್ಕೆ ಓದಲು ಬಂದಿದ್ದ ಸಿರಿಯಾದ ಎಂಜಿನಿಯರನ್ನು ಮದುವೆಯಾಗಿ ಕುವೈತಿಗೆ ಬಂದವರು ಇಲ್ಲೇ ತಲೆ ನರೆಸಿಕೊಂಡಿದ್ದರು. ಗಂಡ ತೀರಿಕೊಂಡಿದ್ದರು, ಮಗ ಜರ್ಮನಿಯಲ್ಲಿದ್ದ. ಮನೆಯಲ್ಲೇ ಕುಳಿತು ಮದುವೆಯ ಗೌನುಗಳಿಗೆ ಮಣಿ ಹೊಲಿಯುತ್ತಿದ್ದರು. ಕತ್ತರಿ ಕಳೆದರೆ ಕುರ್ಚಿಯ ಕಾಲಿಗೊಂದು ದಾರ ಕಟ್ಟಿ, "ಆಡಿದ್ದು ಸಾಕು, ಕೊಟ್ಟುಬಿಡು" ಎಂದು ಗಾಳಿಗೆ ಗದರುತ್ತಿದ್ದರು. ನನ್ನ ಮಗಳೂ ಅದನ್ನು ಕಲಿತು, ಚಾರ್ಜರ್ ಕಾಣದಾಗಲೆಲ್ಲ ನಮ್ಮ ಊಟದ ಕುರ್ಚಿಗೆ ದಾರ ಸುತ್ತುತ್ತಿದ್ದಳು.

ಗದರಿಸಿಕೊಳ್ಳುತ್ತಿದ್ದವನು ದೊಮೊವಿಕ್, ಅವರ ಕಡೆಯ ಮನೆಯಜ್ಜ. ಒಲೆಯ ಹಿಂದೆ ವಾಸ, ಮೈತುಂಬ ರೋಮ. ಮನೆಯವರ ಸುಖದುಃಖ ಅವನ ಜವಾಬ್ದಾರಿ. ನಿದ್ದೆಯಲ್ಲಿ ಅವನ ಬೆಚ್ಚಗಿನ ಕೈ ಮುಟ್ಟಿದರೆ ಒಳ್ಳೆಯದು, ತಣ್ಣಗಿನ ಕೈ ಮುಟ್ಟಿದರೆ ಸಾವು. ನಾನು ಇದನ್ನೆಲ್ಲ ಹೇಳಿದಾಗ ನನ್ನ ಗಂಡ ಸತೀಶರು ಪೇಪರಿನಿಂದ ತಲೆಯನ್ನೂ ಎತ್ತಲಿಲ್ಲ. "ನಮ್ಮಲ್ಲಿ ಗುಳಿಗ ದೈವ ಇಲ್ವಾ ಮಾರಾಯ್ತಿ? ಅವರಿಗೂ ಎಂಥದೋ ಒಂದು ಉಂಟು. ನೀನು ಸುಮ್ಮನೆ ಕೆದಕ್ಲಿಕ್ಕೆ ಹೋಗ್ಬೇಡ."

ಕೆದಕದೆ ಇರುವ ಜಾಯಮಾನ ನನ್ನದಲ್ಲ. ಆಂಟಿಯ ಗ್ಯಾಸ್ ಒಲೆಯ ಹಿಂದೆ ದಿನವೂ ಒಂದು ಬಟ್ಟಲು ಹಾಲು ಇರುತ್ತಿತ್ತು. ಇರುವೆ ಬರುತ್ತದೆಂದು ಕಟ್ಟಡದ ಕಾವಲುಗಾರ ಗೊಣಗಿ ಸೋತಿದ್ದ. "ನಿಮ್ಮಜ್ಜ ಕುಡಿಯುತ್ತಾನಾ?" ಎಂದು ಕೇಳಿದೆ. ಆಂಟಿ ಗಂಭೀರವಾದರು. "ಅವನು ಇಲ್ಲಿಲ್ಲ. ನಾನು ಗದರುವುದು ಚಿಕ್ಕಂದಿನ ಅಭ್ಯಾಸ, ಅಷ್ಟೆ. ಊರಲ್ಲಿ ಅಮ್ಮನ ಒಲೆಯ ಹಿಂದಿದ್ದಾನೆ. ಯಾವತ್ತಾದರೂ ಬಂದರೆ ಹಸಿದಿರಬಾರದಲ್ಲ."

ಯುದ್ಧ ಬಂತು. ಆ ಹಳ್ಳಿಯ ಮೇಲೆ ಶೆಲ್ ಬೀಳತೊಡಗಿ, ಇದ್ದವರನ್ನು ದೂರದ ಶಾಲೆಯೊಂದಕ್ಕೆ ಸಾಗಿಸಲು ವ್ಯಾನುಗಳು ಬರುತ್ತಿದ್ದವು. ಆಂಟಿಯ ಅಮ್ಮ ಮಾತ್ರ ಹತ್ತಲಿಲ್ಲ. ಅಜ್ಜನನ್ನು ಬಿಟ್ಟು ಹೇಗೆ ಬರಲಿ ಎಂಬುದು ಮುದುಕಿಯ ಪ್ರಶ್ನೆ. ಮನೆ ಬದಲಿಸುವಾಗ ಹಳೆಯ ಚಪ್ಪಲಿ ಇಟ್ಟು "ಬಾ ಅಜ್ಜ" ಎಂದರೆ ಅವನು ಅದರಲ್ಲಿ ಕೂತು ಬರುತ್ತಾನಂತೆ. ಆಂಟಿ ಅದನ್ನು ನೆನಪಿಸಿದಾಗ ಮುದುಕಿ ವೀಡಿಯೋದಲ್ಲೇ ರೇಗಿದರು. "ಎಲ್ಲಿಗೆ ಕರೆಯಲಿ? ಶಾಲೆಯ ಜಗಲಿಗೋ? ಅವನಿಗೆ ಒಲೆ ಬೇಡವಾ?" ಆ ಭಾಷೆ ನನಗೆ ಬಾರದು, ಆಂಟಿಯೇ ಆಮೇಲೆ ಹೇಳಿದ್ದು. ನನಗೆ ಮುದುಕಿಯ ಮೇಲೆ ಕೆಟ್ಟ ಸಿಟ್ಟು ಬಂತು. ಆಂಟಿ ಮಾತ್ರ ಮಣಿಯ ಡಬ್ಬಿ ಮುಂದಿಟ್ಟುಕೊಂಡು, ಒಂದನ್ನೂ ಪೋಣಿಸದೆ, ಫೋನು ನೋಡುತ್ತಾ ಕೂರುತ್ತಿದ್ದರು.

ಒಂದು ಶುಕ್ರವಾರ ಬೆಳಿಗ್ಗೆ ಅವರೇ ನಮ್ಮ ಬೆಲ್ ಒತ್ತಿದರು. ಮುಖ ಅರಳಿತ್ತು. "ಯಲ್ಲಾ, ಬಾ, ಸೂಪ್ ಮಾಡಿದ್ದೇನೆ. ಅಮ್ಮ ಬರುತ್ತಾಳೆ!" ಬೀಟ್‌ರೂಟಿನ ಕೆಂಪು ಸೂಪ್ ಬಡಿಸುತ್ತಾ ತಮ್ಮ ಉಪಾಯ ಹೇಳಿದರು. ಹಾಲು ಚೆಲ್ಲಿ ಖಾಲಿ ಬಟ್ಟಲನ್ನು ಅಮ್ಮನಿಗೆ ವೀಡಿಯೋದಲ್ಲಿ ತೋರಿಸಿದ್ದರಂತೆ. "ಅಜ್ಜ ತಾನಾಗಿಯೇ ಇಲ್ಲಿಗೆ ಬಂದುಬಿಟ್ಟಿದ್ದಾನೆ, ನೀನಿನ್ನು ಯಾರಿಗೆ ಕಾಯುತ್ತೀ?" ಎಂದಿದ್ದರಂತೆ. ಮುದುಕಿ ಕೇಳಿದ್ದು ಒಂದೇ ಪ್ರಶ್ನೆ, ಮುಟ್ಟಿದ ಕೈ ಬೆಚ್ಚಗಿತ್ತಾ ಎಂದು. ಇತ್ತು ಎಂದರಂತೆ ಮಗಳು. "ಹಾಗಾದರೆ ಸರಿ" ಎಂದು ಅಮ್ಮ ನಕ್ಕಳಂತೆ. ಎಷ್ಟೋ ದಿನಗಳ ಮೇಲೆ ಆಂಟಿ ನೆಮ್ಮದಿಯಾಗಿ ಉಂಡದ್ದು ಅವತ್ತು. ನಾನೂ ಎರಡು ಸಲ ಹಾಕಿಸಿಕೊಂಡೆ.

ವ್ಯಾನಿನವರು ಬಂದು ಬಾಗಿಲು ತಟ್ಟಿದಾಗ ಮುದುಕಿ ಸ್ನಾನ ಮಾಡಿ, ತನ್ನ ಸಾವಿಗೆಂದು ವರ್ಷಗಳಿಂದ ಗಂಟು ಕಟ್ಟಿಟ್ಟಿದ್ದ ಬಟ್ಟೆ ಉಟ್ಟು, ಒಲೆ ಆರಿಸಿ, ಬೆಂಚಿನ ಮೇಲೆ ಮಲಗಿದ್ದರು. ಕರೆದವರಿಗೆ, "ಅಜ್ಜ ಮಗಳ ಮನೆ ಸೇರಿದ. ಅವನು ಬಿಟ್ಟುಹೋದ ಮನೆ ಸತ್ತ ಹಾಗೆ, ಒಳಗಿದ್ದವರೂ ಹಾಗೆ. ನೀವು ಹೊರಡಿ" ಎಂದರಂತೆ. ಎಳೆದೊಯ್ಯಲು ಅವರಿಗೆ ಪುರುಸೊತ್ತಿರಲಿಲ್ಲ, ಶೆಲ್ ಹತ್ತಿರ ಬರುತ್ತಿತ್ತು. ಆ ವಾರವೇ ಮನೆ ಹೋಯಿತು, ಮುದುಕಿಯೂ ಹೋದರು.

ಸುದ್ದಿ ಕೇಳಿ ಓಡಿದೆ. ಆಂಟಿ ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದರು. "ಚಿಕ್ಕಂದಿನಲ್ಲಿ ಇದನ್ನು ಹೇಳಿಕೊಟ್ಟವಳು ಅಮ್ಮನೇ. ಅಜ್ಜ ಕರೆಯದೆ ಎದ್ದುಹೋದರೆ ಮನೆ ಮುಗಿಯಿತು ಎಂದು. ಇಲ್ಲಿದ್ದು ಇದ್ದು ಅರ್ಧ ಮಾತ್ರ ನೆನಪಿತ್ತು ನನಗೆ" ಎಂದರು. ನಾನೂ ಪಕ್ಕದಲ್ಲಿ ಕುಳಿತೆ. ಮನೆಗೆ ಬಂದು ಹೇಳಿದರೆ ಸತೀಶರು, "ಪಾಪ, ಅವರಿಗೆಂಥ ಗೊತ್ತಿತ್ತು ಮಾರಾಯ್ತಿ" ಎಂದು ಕಣ್ಣೊರೆಸಿಕೊಂಡರು.

ಆಮೇಲೆ ಆಂಟಿ ಹೊಲಿಗೆ ಮುಟ್ಟಲಿಲ್ಲ. ವಾಸದ ಪರವಾನಗಿ ಇಕಾಮಾ ಮುಗಿಯುವ ಮೊದಲೇ ಮಗ ಬಂದು ಜರ್ಮನಿಗೆ ಕರೆದೊಯ್ದ. ಹೊರಡುವ ಮಧ್ಯಾಹ್ನ ಕೆಳಗೆ ಮಗ ಟ್ಯಾಕ್ಸಿಗೆ ಸೂಟ್‌ಕೇಸು ತುಂಬುತ್ತಿದ್ದ. ನಾನು ಅವರ ಕೈ ಹಿಡಿದು, "ಆಂಟಿ, ನೀವು ಅಮ್ಮನನ್ನು ಉಳಿಸಲಿಕ್ಕೆ ಅಂತಲೇ ಸುಳ್ಳು ಹೇಳಿದ್ದು. ದೇವರಿಗೆ ಗೊತ್ತು" ಎಂದೆ.

ಅವರು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು.

"ಮದುವೆಯಾಗಿ ಹೊರಡುವಾಗ, ಎರಡು ವರ್ಷದಲ್ಲಿ ವಾಪಸು ಬರುತ್ತೇನೆ ಎಂದಾಗ ಅಮ್ಮ ನಂಬಲಿಲ್ಲ. ಇಲ್ಲಿ ಸುಖವಾಗಿದ್ದೇನೆ ಎಂದಾಗಲೂ ನಂಬಲಿಲ್ಲ. ಇದೊಂದನ್ನು ನಂಬಿದಳು ಹಬೀಬ್ತಿ."